ಸ್ಟ್ಯಾಂಪ್ ಪೇಪರ್ ಮೇಲೆ ಹೆಸರಿದ್ದ ಮಾತ್ರಕ್ಕೆ ಅವರು ಓನರ್ ಅಲ್ಲ

ಬೆಂಗಳೂರಿನ ಒಂದು ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ನನ್ನ ಟೈಪಿಂಗ್ ಅಂಗಡಿ ಇದೆ. ಇ-ಸ್ಟ್ಯಾಂಪ್ ತರಿಸಿ ಬಾಡಿಗೆ ಅಗ್ರಿಮೆಂಟ್, ಲೀಸ್ ಪತ್ರ, ಅಫಿಡವಿಟ್ ಮಾಡಿಕೊಡುವುದು ಕೆಲಸ. ಒಂಬತ್ತು ವರ್ಷ ಆಯ್ತು. ಗೃಹಜ್ಯೋತಿಗೆ ಬೇಕು, ಗ್ಯಾಸ್ ಕನೆಕ್ಷನ್‌ಗೆ ಬೇಕು, ಮಗುವಿನ ಸ್ಕೂಲಿಗೆ ಬೇಕು ಅಂತ ದಿನಾ ನಾಲ್ಕೈದು ಜನ ಬಾಡಿಗೆ ಪತ್ರಕ್ಕೆ ಬರುತ್ತಾರೆ.

ಎರಡು ವರ್ಷದ ಹಿಂದೆ ಹಾವೇರಿ ಕಡೆಯ ಗಂಡ ಹೆಂಡತಿ ಬಂದಿದ್ದರು. ಚಿಕ್ಕ ಮಗು ಹೆಂಡತಿಯ ಹೆಗಲ ಮೇಲೆ ಮಲಗಿತ್ತು. ಜೊತೆಗೆ ಒಬ್ಬರು ಇಸ್ತ್ರಿ ಶರ್ಟ್ ಹಾಕಿಕೊಂಡು ಫೈಲ್ ಹಿಡಿದು ಬಂದಿದ್ದರು, ಓನರ್ ಪರವಾಗಿ ಮನೆ ನೋಡಿಕೊಳ್ಳುವ ಕಂಪನಿಯವರಂತೆ. ಎರಡು ರೂಮಿನ ಮನೆ, 12 ಲಕ್ಷ ಲೀಸ್, ಅಂದರೆ ದುಡ್ಡು ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು, ಬಿಡುವಾಗ ಅಷ್ಟೂ ವಾಪಸ್. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಆಧಾರ್ ನೋಡಿದೆ, ಹೆಸರಿನ ಸ್ಪೆಲಿಂಗ್ ಸರಿ ಇದೆಯಾ ಅಂತ ಎರಡು ಸಲ ಕೇಳಿದೆ. ಮನೆ ಯಾರದ್ದು ಅಂತ ಮಾತ್ರ ಕೇಳಲಿಲ್ಲ. ನೋಟರಿ ಸೀಲ್ ಬಿತ್ತು, ಮೂವರೂ ಹೋದರು.

ಆರೇಳು ತಿಂಗಳ ಮೇಲೆ ಆ ಹೆಣ್ಣುಮಗಳು ಒಬ್ಬರೇ ಬಂದರು. ಪತ್ರ ಮೇಜಿನ ಮೇಲಿಟ್ಟು, 'ಮೇಡಂ, ಇದು ನೀವ ಮಾಡಿಕೊಟ್ಟಿದ್ದಲ್ರೀ?' ಅಂದರು. ಹಿಂದಿನ ದಿನ ನಿಜವಾದ ಓನರ್ ಮನೆಗೆ ಬಂದು, ನೀವು ಯಾರು, ಬಾಡಿಗೆ ಯಾಕೆ ಬರ್ತಿಲ್ಲ, ಮನೆ ಖಾಲಿ ಮಾಡಿ ಅಂದಿದ್ದರಂತೆ.

ಇದು ಹೇಗೆ ನಡೆಯುತ್ತದೆ ಅಂತ ನಾನು ಆಮೇಲೆ ಸರಿಯಾಗಿ ತಿಳಿದುಕೊಂಡೆ. ಮಧ್ಯದಲ್ಲಿರುವವನು ಓನರ್ ಹತ್ತಿರ ಹೋಗಿ ಮನೆಯನ್ನು ಬಾಡಿಗೆಗೆ ತೆಗೆದುಕೊಳ್ಳುತ್ತಾನೆ. ಈ ಕೇಸಿನಲ್ಲಿ ತಿಂಗಳಿಗೆ 22,000, ಅಡ್ವಾನ್ಸ್ 1 ಲಕ್ಷ. ನಾವೇ ಒಳ್ಳೆ ಫ್ಯಾಮಿಲಿ ನೋಡಿ ಇಡುತ್ತೇವೆ, ನಿಮಗೆ ತಲೆನೋವೇ ಇಲ್ಲ ಅನ್ನುತ್ತಾನೆ. ಅದೇ ಮನೆಯನ್ನು ಇನ್ನೊಬ್ಬರಿಗೆ 12 ಲಕ್ಷಕ್ಕೆ ಲೀಸ್ ಹಾಕುತ್ತಾನೆ. ಐದು ತಿಂಗಳು ಓನರ್‌ಗೆ ಬಾಡಿಗೆ ಕಟ್ಟುತ್ತಾನೆ, 1,10,000 ಆಯ್ತು. ಅಡ್ವಾನ್ಸ್ ಸೇರಿ 2,10,000. ಉಳಿದ 9,90,000 ಅವನ ಕೈಯಲ್ಲಿ. ಆಮೇಲೆ ಫೋನ್ ಸ್ವಿಚ್ ಆಫ್, ಆಫೀಸಿಗೆ ಬೀಗ. ಓನರ್ ಸುಳ್ಳು ಹೇಳುತ್ತಿಲ್ಲ, ಬಾಡಿಗೆಗೆ ಬಂದವರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಕೈಯಲ್ಲೂ ಪತ್ರ ಇದೆ, ಜಗಳ ಮಾತ್ರ ಅವರಿಬ್ಬರ ನಡುವೆ. ಆ 12 ಲಕ್ಷದಲ್ಲಿ ಆಕೆಯ ತಾಳಿ ಸರ ಬಿಟ್ಟು ಮನೆಯ ಎಲ್ಲ ಬಂಗಾರವೂ ಇತ್ತು.

ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ 22,000 ಬಾಡಿಗೆ ಬರುವ ಮನೆಯನ್ನು ಓನರ್ 12 ಲಕ್ಷಕ್ಕೆ ಲೀಸ್ ಕೊಟ್ಟರೆ ಅವರಿಗೆ ಏನು ಸಿಗುತ್ತದೆ? ಆ ದುಡ್ಡನ್ನು ಬ್ಯಾಂಕಲ್ಲಿಟ್ಟು ನೂರಕ್ಕೆ 7 ಬಡ್ಡಿ ಬಂದರೂ ವರ್ಷಕ್ಕೆ 84,000, ಅಂದರೆ ತಿಂಗಳಿಗೆ 7,000. 22,000 ಬಿಟ್ಟು 7,000ಕ್ಕೆ ಯಾರು ಒಪ್ಪುತ್ತಾರೆ ಹೇಳಿ? ಒಟ್ಟಿಗೆ ದೊಡ್ಡ ಮೊತ್ತದ ತುರ್ತು ಇದ್ದವರು ಒಪ್ಪುತ್ತಾರೆ. ನಿಜವಾದ ಓನರ್ ಸಾಲ ತೀರಿಸೋಕೆ, ಮದುವೆ ಮಾಡೋಕೆ ಲೀಸ್ ಕೊಡುವುದು ಇದ್ದೇ ಇದೆ, ನಮ್ಮೂರಲ್ಲಿ ಭೋಗ್ಯ ಹಳೆಯ ಪದ್ಧತಿ. ಆದರೆ ಕಾರಣ ಕೇಳಬೇಕು. ಸಾಲ ಇದ್ದರೆ ಅದು ಈ ಮನೆಯ ಮೇಲೇ ಇದೆಯಾ ಅಂತಲೂ ಕೇಳಬೇಕು. ಕಂತು ಕಟ್ಟದೆ ಬ್ಯಾಂಕು ಮನೆಯನ್ನು ಹರಾಜಿಗೆ ತಂದರೆ ನಿಮ್ಮ ಲೀಸ್ ದುಡ್ಡು ವಾಪಸ್ ಬರೋದು ಬಹಳ ಕಷ್ಟ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆಸಿ, ನೋಂದಣಿ ಆಗಿರುವ ಸಾಲ ಅದರಲ್ಲಿ ಕಾಣುತ್ತದೆ. ನೂರಾರು ರೂಪಾಯಿಯ ಖರ್ಚು, ಲಕ್ಷಗಳ ಮುಂದೆ ಅದು ಏನೂ ಅಲ್ಲ.

ನನ್ನ ಕೆಲಸದ ಬಗ್ಗೆಯೇ ಒಂದು ಮಾತು ಎಲ್ಲರಿಗೂ ಗೊತ್ತಾಗಬೇಕು. ಸ್ಟ್ಯಾಂಪ್ ಪೇಪರ್ ಯಾರ ಹೆಸರಲ್ಲಿ ಬೇಕಾದರೂ ಸಿಗುತ್ತದೆ. ಮೊದಲ ಪಾರ್ಟಿ, ಎರಡನೇ ಪಾರ್ಟಿ ಅಂತ ನೀವು ಹೇಳಿದ ಹೆಸರು ಅದರಲ್ಲಿ ಪ್ರಿಂಟ್ ಆಗುತ್ತದೆ, ಅಷ್ಟೇ. ಮನೆ ಅವರದ್ದಾ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ನೋಟರಿ ಸೀಲ್ ಕೂಡ ಸಹಿ ಯಾರು ಹಾಕಿದರು ಅನ್ನುವುದಕ್ಕೆ, ಮನೆಯ ಹಕ್ಕಿಗೆ ಅಲ್ಲ. ಇ-ಸ್ಟ್ಯಾಂಪ್ ನೋಡಿದ ಕೂಡಲೇ ಜನರ ಮುಖದಲ್ಲಿ ಒಂದು ನೆಮ್ಮದಿ ಬರುತ್ತದೆ. ಅದು ನೋಡಿದಾಗಲೆಲ್ಲ ನನಗೆ ಈಗ ಸಂಕಟ ಆಗುತ್ತದೆ.

ಅದಕ್ಕೇ ಈಗ ಕೀಬೋರ್ಡ್ ಮುಟ್ಟುವ ಮೊದಲೇ ಕೇಳುತ್ತೇನೆ, ಖಾತಾ (ಮನೆಯ ಕಂದಾಯ ಯಾರ ಹೆಸರಲ್ಲಿದೆ ಅನ್ನುವ ಪಾಲಿಕೆಯ ಪತ್ರ) ಅಥವಾ ಈ ವರ್ಷದ ಕಂದಾಯ ರಸೀದಿ ತೋರಿಸಿ. ಕರೆಂಟ್ ಬಿಲ್ ತೋರಿಸಿ. ಬಿಲ್ಲಿನಲ್ಲಿ ಹಳೆಯ ಓನರ್ ಹೆಸರೋ ಬಿಲ್ಡರ್ ಹೆಸರೋ ಇರಬಹುದು, ಆದ್ದರಿಂದ ಬಿಲ್ ಒಂದೇ ಸಾಲದು, ಖಾತಾದ ಹೆಸರು ಮತ್ತು ಆಧಾರ್ ಹೆಸರು ಕೂಡಬೇಕು. ಓನರ್ ಬರದೆ ಬೇರೆಯವರು ಸಹಿ ಹಾಕುವುದಾದರೆ ಒರಿಜಿನಲ್ ಜಿಪಿಎ (ಓನರ್ ಬರೆದುಕೊಟ್ಟ ಅಧಿಕಾರ ಪತ್ರ) ಬೇಕು, ಅದರಲ್ಲಿ ಬಾಡಿಗೆಗೆ ಕೊಡುವ ಮತ್ತು ಅಡ್ವಾನ್ಸ್ ಪಡೆಯುವ ಅಧಿಕಾರ ಬರೆದಿರಬೇಕು. ಮೊಬೈಲಿನಲ್ಲಿರುವ ಫೋಟೋ ನಡೆಯುವುದಿಲ್ಲ. ಓನರ್ ಫೋನ್ ನಂಬರನ್ನು ಮಧ್ಯದವರೇ ಕೊಟ್ಟರೆ ನಂಬಬೇಡಿ, ಅದನ್ನು ಅವರ ಸ್ನೇಹಿತನೇ ಎತ್ತಬಹುದು. ಪಕ್ಕದ ಮನೆಯವರನ್ನು, ವಾಚ್‌ಮನ್‌ರನ್ನು, ಬೀದಿ ಮೂಲೆಯ ಇಸ್ತ್ರಿ ಅಂಗಡಿಯವರನ್ನು ಕೇಳಿ. ಅವರಿಗೆ ಯಾರ ಮನೆ ಯಾರದ್ದು ಅಂತ ಚೆನ್ನಾಗಿ ಗೊತ್ತಿರುತ್ತದೆ. ದುಡ್ಡು ಖಾತಾದಲ್ಲಿ ಹೆಸರಿರುವವರ ಬ್ಯಾಂಕ್ ಅಕೌಂಟಿಗೇ ಹೋಗಲಿ, ನಗದು ಬೇಡ.

ಲಕ್ಷಗಟ್ಟಲೆ ಲೀಸ್ ಆದರೆ ಇನ್ನೂ ಒಂದು ಹೆಜ್ಜೆ. ಒಂದು ವರ್ಷ ಮೀರಿದ ಅವಧಿಯ ಬಾಡಿಗೆ ಪತ್ರವಾಗಲಿ ಲೀಸ್ ಪತ್ರವಾಗಲಿ ನೋಂದಣಿ ಆಗಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಎಲ್ಲರೂ 11 ತಿಂಗಳಿಗೆ ಪತ್ರ ಮಾಡಿಸುವುದು ಅದನ್ನು ತಪ್ಪಿಸೋಕೆ. ಬಾಡಿಗೆಗೆ ಪರವಾಗಿಲ್ಲ. ಲೀಸ್‌ಗೆ ಮಾತ್ರ ಖರ್ಚಾದರೂ ನೋಂದಣಿ ಮಾಡಿಸಿ. ಓನರನ್ನೇ ಕರೆಸಿ, ಅವರು ಸಬ್ ರಿಜಿಸ್ಟ್ರಾರ್ ಎದುರು ಫೋಟೋ, ಹೆಬ್ಬೆಟ್ಟು ಕೊಡಲಿ. ಇಷ್ಟು ಕೇಳಿದ ಕೂಡಲೇ ಕಂಪನಿಯವರು ಅಂತ ಬಂದವರು ನುಣುಚಿಕೊಂಡರೆ ನಿಮಗೆ ಉತ್ತರ ಸಿಕ್ಕಂತೆ.

ಫೋನಿನಲ್ಲೇ ನಡೆಯುವ ಮೋಸ ಬೇರೆ. ನಾನು ಆರ್ಮಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ಮನೆ ನೋಡಲು ಗೇಟ್ ಪಾಸ್‌ಗೆ 2,000 ಹಾಕಿ, ವಾಪಸ್ ಬರುತ್ತದೆ ಅನ್ನುತ್ತಾರೆ. ಆಮೇಲೆ ವಾಪಸ್ ಕೊಡುತ್ತೇವೆ ಅಂತ ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನಿಮ್ಮ ದುಡ್ಡೇ ಹೋಗುತ್ತದೆ. ದುಡ್ಡು ಬರೋಕೆ ಪಿನ್ ಬೇಕಿಲ್ಲ, ಹೋಗೋಕೆ ಮಾತ್ರ ಬೇಕು. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿಯೂ ಹಾಕಬೇಡಿ. ಹಾಕಿಬಿಟ್ಟಿದ್ದರೆ ನಾಚಿಕೆ ಪಡದೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಎಷ್ಟು ಬೇಗ ಹೇಳುತ್ತೀರೋ ಅಷ್ಟು ಹಣ ತಡೆಯುವ ಸಾಧ್ಯತೆ ಜಾಸ್ತಿ.

ಹಾವೇರಿಯ ಆ ದಂಪತಿ ಪೊಲೀಸರಿಗೆ ದೂರು ಕೊಟ್ಟರು. ನಾನೂ ಸ್ಟೇಷನ್ನಿಗೆ ಹೋಗಿ ಅವತ್ತು ನೋಡಿದ್ದನ್ನು ಹೇಳಿ ಬಂದೆ. ಓನರ್ ಒಳ್ಳೆಯವರು, ಮೂರು ತಿಂಗಳು ಸಮಯ ಕೊಟ್ಟರು. ಈಗ ಆ ದಂಪತಿ ಕೆಂಗೇರಿ ಕಡೆ ಒಂದೇ ರೂಮಿನ ಬಾಡಿಗೆ ಮನೆಯಲ್ಲಿದ್ದಾರೆ. ಆ ಮನೆಯ ಅಗ್ರಿಮೆಂಟಿಗೂ ನನ್ನ ಹತ್ತಿರವೇ ಬಂದರು. ನಾನು ಕೇಳುವ ಮೊದಲೇ ಆ ಹೆಣ್ಣುಮಗಳು ಓನರ್ ಕಡೆ ತಿರುಗಿ, 'ಅಣ್ಣಾರ, ಕಂದಾಯದ ರಸೀದಿ ತಂದೀರೇನ್ರೀ?' ಅಂದರು.