ರಾಗಿ ಕಾಳು ಕಂಡಿದ್ದು ಆರನೇ ದಿನ

ಆಗಸ್ಟ್ ತಿಂಗಳು, ಐಸಿಯು ತುಂಬಾ ಡೆಂಗಿ. ಅಂಥ ಒಂದು ರಾತ್ರಿ ಇವರು ಬಂದರು. ನಲವತ್ತರ ಆಸುಪಾಸು, ಕಲ್ಲು ಕ್ವಾರಿ ಕೆಲಸ. ಆಕ್ಸಿಜನ್ ಕೊಡದೆ, ರೂಮ್ ಏರ್‌ನಲ್ಲಿ ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) 82. ಎಕ್ಸ್‌ರೇ ಎರಡೂ ಕಡೆ ಬೆಳ್ಳಗೆ, ಪ್ಲೇಟ್‌ಲೆಟ್ 70 ಸಾವಿರ, ಡೆಂಗಿಯ ಎನ್‌ಎಸ್‌1 ಟೆಸ್ಟ್ ನೆಗೆಟಿವ್. ನಾನು 'ಎಆರ್‌ಡಿಎಸ್, ವೈರಲ್?' ಅಂತ ಬರೆದೆ, ಅಂದರೆ ವೈರಸ್‌ನಿಂದ ಶ್ವಾಸಕೋಶ ಕೈಕೊಟ್ಟಿರಬಹುದು ಅಂತ. ಆಂಟಿಬಯಾಟಿಕ್ ಪಿಪ್‌ಟಾಜ್, ಡಾಕ್ಸಿ, ಜೊತೆಗೆ ಲಿವೋಫ್ಲಾಕ್ಸಸಿನ್. ಲಿವೋ ಯಾಕೆ ಅಂದರೆ, ಎಲ್ಲರೂ ಬರೀತಾರೆ ಅಂತ ಸುಮ್ನೆ ಬರೆದೆ.

ಮೂರನೇ ದಿನ ಜ್ವರ ಇಳಿಯಿತು. ರೌಂಡ್ಸ್‌ನಲ್ಲಿ ಬಾಸ್ ತಲೆ ಆಡಿಸಿದರು, ನಾನು ಉಬ್ಬಿದೆ. ಲಿವೋ ಟಿಬಿಗೂ ಅರ್ಧಂಬರ್ಧ ಏಟು ಕೊಡುತ್ತದೆ. ಜ್ವರ ಇಳಿಸಿ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಪಿಜಿ ಪರೀಕ್ಷೆಯಲ್ಲಿ ನಾನೇ ಇದನ್ನು ಬರೆದು ಮಾರ್ಕ್ಸ್ ತಗೊಂಡಿದ್ದೆ.

ನಾಲ್ಕನೇ ರಾತ್ರಿ ಎರಡೂವರೆ. ಉಸಿರಿಗೆ ಒತ್ತಡದ ಗಾಳಿ ಕೊಡುವ ಎನ್‌ಐವಿ ಮಾಸ್ಕ್ ಕಿತ್ತು ಎಸೆದರು. ಸ್ಯಾಚುರೇಷನ್ 74, ಆಮೇಲೆ 68. ಸಿಸ್ಟರ್ ಕೇಳಿದರು, "ಸಾರ್, ಎನ್95 ತರಲಾ? ಬೀರು ಕೀ ಸೂಪರ್‌ವೈಸರ್ ಹತ್ತಿರ ಇದೆ."

"ಟೈಮಿಲ್ಲ ಸಿಸ್ಟರ್, ಇದೇನು ಎಚ್1ಎನ್1 ಅಲ್ಲ" ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ! ಇಬ್ಬರದೂ ಬರೀ ನೀಲಿ ಸರ್ಜಿಕಲ್ ಮಾಸ್ಕ್. ಉಸಿರಿನ ಟ್ಯೂಬ್ ಹಾಕಲು ಗಂಟಲು ನೋಡುವ ಲ್ಯಾರಿಂಗೋಸ್ಕೋಪ್ ಹಾಕಿದರೆ ಕಫ ಬಿಟ್ಟು ಏನೂ ಕಾಣಲಿಲ್ಲ. ಸಕ್ಷನ್, ಮತ್ತೆ ಸಕ್ಷನ್. ಸ್ನಾಯು ಸಡಿಲಿಸುವ ರಿಲ್ಯಾಕ್ಸೆಂಟ್ ಇನ್ನೂ ಹಿಡಿದಿರಲಿಲ್ಲ, ಮುಖಕ್ಕೇ ಕೆಮ್ಮಿದರು. ಸಿಸ್ಟರ್ ನನಗಿಂತ ಹತ್ತಿರ ಬಾಗಿದ್ದರು. ಸ್ಯಾಚುರೇಷನ್ 51ಕ್ಕೆ ಬಂದಾಗ ಟ್ಯೂಬ್ ಒಳಗೆ ಹೋಯಿತು. ವೆಂಟಿಲೇಟರ್‌ನ ಎಕ್ಸ್‌ಪಿರೇಟರಿ ಕಡೆಗೆ, ಅಂದರೆ ರೋಗಿ ಬಿಟ್ಟ ಉಸಿರು ಹೊರಬರುವ ಕಡೆಗೆ, ಫಿಲ್ಟರ್ ಇರಲಿಲ್ಲ. ಸ್ಟೋರ್ ತೆಗೆಯುವುದು ಬೆಳಗ್ಗೆ ಒಂಬತ್ತಕ್ಕೆ, ಅದೂ ಇಂಡೆಂಟ್ ಚೀಟಿಗೆ ಎರಡು ಸಹಿ ಇದ್ದರೆ. ಕಿಟಕಿ ತೆಗೆಯೋಣ ಅಂದರೆ ಸ್ಪ್ಲಿಟ್ ಎಸಿ ಹಾಕುವಾಗ ಎಲ್ಲಾ ಸೀಲ್ ಮಾಡಿಬಿಟ್ಟಿದ್ದಾರೆ. ಆರು ಬೆಡ್‌ಗೂ ಅದೇ ಗಾಳಿ ಸುತ್ತುತ್ತದೆ.

ಐದನೇ ದಿನ ಟ್ಯೂಬ್‌ನಿಂದ ತೆಗೆದ ಕಫವನ್ನು ಟಿಬಿ ಸ್ಮಿಯರ್‌ಗೆ (ಮೈಕ್ರೋಸ್ಕೋಪ್ ಪರೀಕ್ಷೆಗೆ) ಕಳಿಸಿದೆ. ನೆಗೆಟಿವ್. ನಾನು ಟಿಬಿಯನ್ನು ಲಿಸ್ಟ್‌ನಿಂದಲೇ ಹೊಡೆದು ಹಾಕಿದೆ. ಆರನೇ ದಿನ ಸಿಟಿ ನೋಡಿದ ರೇಡಿಯಾಲಜಿಸ್ಟ್ ಫೋನ್ ಮಾಡಿದರು: "ಏನ್ರೀ, ಶ್ವಾಸಕೋಶದ ತುಂಬಾ ರಾಗಿ ಚೆಲ್ಲಿದ ಹಾಗಿದೆ. ಮಿಲಿಯರಿ." ಅಂದರೆ ರಕ್ತದಲ್ಲಿ ಹರಡಿದ ಟಿಬಿ. ಟಿಬಿ ಜೀನ್ ಹುಡುಕುವ ಸಿಬಿನ್ಯಾಟ್ ಟೆಸ್ಟ್ ಕಳಿಸಿದೆವು. ಎಂಟಿಬಿ (ಟಿಬಿ ರೋಗಾಣು) ಡಿಟೆಕ್ಟೆಡ್, ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ರೆಸಿಸ್ಟೆನ್ಸ್ ಇಲ್ಲ. ಆ ಮಷಿನ್‌ಗೆ ಬೇಕಿದ್ದು ಬರೀ ಎರಡು ಗಂಟೆ.

ಹೆಂಡತಿ ಆರು ದಿನದಿಂದ ಐಸಿಯು ಬಾಗಿಲ ಹೊರಗೇ ಕೂತಿದ್ದರು. ಅವತ್ತು ಮೊದಲ ಸಲ ನಿಂತು ಮಾತಾಡಿದೆ. ಎರಡು ತಿಂಗಳಿಂದ ಸಂಜೆಯಾದರೆ ಮೈ ಬಿಸಿ, ಊಟ ಸೇರದು, ಮೆಡಿಕಲ್ ಶಾಪ್ ಮಾತ್ರೆ. "ನಾನೇ ಮೊದಲು ಹೇಳಬೇಕಿತ್ತಾ ಸಾರ್?" ಅಂದರು. ಇಲ್ಲಮ್ಮ ಅಂದೆ. ನಾನು ಕೇಳಬೇಕಿತ್ತು ಅನ್ನೋದು ಬಾಯಿಗೆ ಬರಲಿಲ್ಲ.

46 ಕೆಜಿ, ಟಿಬಿ ಔಷಧಿಗಳು ಒಟ್ಟಿಗಿರುವ ಎಫ್‌ಡಿಸಿ ಮಾತ್ರೆ ಮೂರು, ಪುಡಿ ಮಾಡಿ ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬ್‌ನಲ್ಲಿ. ಕರುಳೇ ಸುಸ್ತಾಗಿರುವಾಗ ಅದರಲ್ಲಿ ಎಷ್ಟು ರಕ್ತಕ್ಕೆ ಸೇರುತ್ತದೋ ಹೇಳೋಕಾಗಲ್ಲ. ಮರುದಿನ ಬೆಳಗಿನ ಜಾವ ಮೂರಕ್ಕೆ ಹೊಸ ಸಿಸ್ಟರ್ ಫೋನ್: "ಸಾರ್, ಯೂರೋಬ್ಯಾಗ್‌ನಲ್ಲಿ ರಕ್ತ!" ಹೋಗಿ ನೋಡಿದರೆ ಮೂತ್ರಕ್ಕೆ ರಿಫಾಂಪಿಸಿನ್‌ನ ಕಿತ್ತಳೆ ಬಣ್ಣ. ಆ ವಾರ ನಾನು ನಕ್ಕಿದ್ದು ಅದೊಂದೇ ಸಲ. ಎರಡನೇ ವಾರ ಲಿವರ್‌ಗೆ ಬಿದ್ದ ಪೆಟ್ಟು ತೋರಿಸುವ ಎಸ್‌ಜಿಪಿಟಿ 400 ದಾಟಿತು. ಎಟಿಟಿ (ಆ ಟಿಬಿ ಮಾತ್ರೆಗಳು) ನಿಲ್ಲಿಸಿ, ಲಿವರ್‌ಗೆ ಅಷ್ಟು ತೊಂದರೆ ಕೊಡದ ಎಥಾಂಬ್ಯುಟಾಲ್, ಅಮಿಕಾಸಿನ್ ಮತ್ತು ಅದೇ ಲಿವೋ. ಈ ಸಲ ಯಾಕೆ ಬರೆಯುತ್ತಿದ್ದೇನೆ ಅಂತ ಗೊತ್ತಿತ್ತು. ಹತ್ತೊಂಬತ್ತನೇ ದಿನ ಹೋಗಿಬಿಟ್ಟರು.

ಈಗ ತುರ್ತು ಸಾಮಾನಿನ ಕ್ರ್ಯಾಶ್ ಕಾರ್ಟ್‌ನ ಕೆಳಗಿನ ಡ್ರಾಯರ್‌ನಲ್ಲಿ ನನ್ನ ದುಡ್ಡಿನ ಎನ್95 ಡಬ್ಬ ಇದೆ. ಎರಡು ಫಿಲ್ಟರ್ ಬಚ್ಚಿಟ್ಟಿದ್ದೇನೆ. ಆಡಿಟ್‌ನವರು ಎರಡು ಸಲ ಕೇಳಿಯಾಯಿತು.

ಆಮೇಲೆ ಸ್ಟಾಫ್ ಎಲ್ಲರಿಗೂ ಐಗ್ರಾ, ಅಂದರೆ ಟಿಬಿ ಸೋಂಕು ತಗುಲಿದೆಯಾ ಅಂತ ನೋಡುವ ರಕ್ತ ಪರೀಕ್ಷೆ, ಮಾಡಿಸಿದರು. ನನ್ನದು ನೆಗೆಟಿವ್. ಅವತ್ತು ಎನ್95 ತರಲಾ ಅಂದ ಸಿಸ್ಟರ್‌ದು ಪಾಸಿಟಿವ್. ಮೊದಲೇ ಇತ್ತೋ, ಆ ರಾತ್ರಿ ಬಂತೋ, ಕೆಲಸಕ್ಕೆ ಸೇರುವಾಗ ಯಾರೂ ಟೆಸ್ಟ್ ಮಾಡಿಸಿರಲಿಲ್ಲ. ಅವರು ಆ ಮಾತು ಎತ್ತಿಲ್ಲ. ನೈಟ್ ಡ್ಯೂಟಿಯಲ್ಲಿ ಸಿಕ್ಕಿದರೆ ಈಗಲೂ ನನಗೇ ಮೊದಲು ಕಾಫಿ ತಂದು ಕೊಡುತ್ತಾರೆ.