ರಾಬಿನ್ ಬದುಕಿದ್ದರೆ? ಟೆಲ್ ಅವೀವ್‌ನಿಂದ ಹೆಬ್ರಾನ್‌ವರೆಗೆ ಒಂದೇ ವಾದ

ಟೆಲ್ ಅವೀವ್ ನಗರಸಭೆ ಕಟ್ಟಡದ ಪಕ್ಕ, ಇಬ್ನ್ ಗಬಿರೋಲ್ ರಸ್ತೆಗೆ ತಾಗಿಕೊಂಡಂತೆ 16 ಕಪ್ಪು ಕಲ್ಲುಗಳಿವೆ. ಗೋಲಾನ್ ಬೆಟ್ಟದಿಂದ ತಂದ ಬಸಾಲ್ಟ್. ಅರ್ಧ ನೆಲದೊಳಗೆ, ಅರ್ಧ ಹೊರಗೆ. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಅದರ ಪಕ್ಕದಲ್ಲೇ ಜನ ತಮ್ಮ ಪಾಡಿಗೆ ತಾವು ಓಡಾಡುತ್ತಿರುತ್ತಾರೆ. ಕೈಯಲ್ಲಿ ಕಾಫಿ, ಕಿವಿಯಲ್ಲಿ ಇಯರ್‌ಫೋನ್. 1995ರ ನವೆಂಬರ್ 4ರ ಶನಿವಾರ ರಾತ್ರಿ ಪ್ರಧಾನಿ ಯಿತ್ಜಾಕ್ ರಾಬಿನ್ ಶಾಂತಿ ಸಮಾವೇಶ ಮುಗಿಸಿ ಮೆಟ್ಟಿಲಿಳಿದು ಕಾರಿನ ಕಡೆ ಬಂದದ್ದು ಇಲ್ಲಿಗೇ. ಯಿಗಾಲ್ ಅಮೀರ್ ಎಂಬ 25ರ ಕಾನೂನು ವಿದ್ಯಾರ್ಥಿ ಹಿಂದಿನಿಂದ ಗುಂಡು ಹೊಡೆದ. ಕೊಂದವನು ಯಹೂದಿ, ಸತ್ತವರೂ ಯಹೂದಿ. ಆ ದೇಶಕ್ಕೆ ಇವತ್ತಿಗೂ ಅರಗದ ಸಂಗತಿ ಅದು.

ನೆಲದಲ್ಲಿ ಲೋಹದ ಗುರುತುಗಳನ್ನು ಕೂರಿಸಿದ್ದಾರೆ. ಪ್ರಧಾನಿ ಎಲ್ಲಿದ್ದರು, ಅಂಗರಕ್ಷಕರು ಎಲ್ಲಿದ್ದರು, ಕೊಲೆಗಾರ ಎಲ್ಲಿದ್ದ ಎಂದು ತೋರಿಸುವ ಗುರುತುಗಳು. ನಾನು ಬಗ್ಗಿ ಒಂದೊಂದನ್ನೂ ನೋಡಿದೆ. ಎಷ್ಟು ಹತ್ತಿರ ಅಂದರೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ದಿನಗಳಲ್ಲಿ ಹುಡುಗ ಹುಡುಗಿಯರು ಮೇಣದಬತ್ತಿ ಹಚ್ಚಿಕೊಂಡು ಬಂದು ಗೋಡೆ ಮೇಲೆ ಗೀಚಿದ ಬರಹಗಳನ್ನೂ ಸ್ವಲ್ಪ ಉಳಿಸಿಕೊಂಡಿದ್ದಾರೆ.

ಇದು 2023ರ ಮಾರ್ಚ್‌ನ ಪ್ರವಾಸ. ಅಕ್ಟೋಬರ್ 7ರ ಹಮಾಸ್ ದಾಳಿ ಇನ್ನೂ ಆಗಿರಲಿಲ್ಲ, ಗಾಜಾದ ಆಮೇಲಿನ ಸಾವುನೋವೂ ಆಗಿರಲಿಲ್ಲ. ಇಂದು ಅದೇ ದಾರಿಯಲ್ಲಿ ಹಾಗೆ ಸಲೀಸಾಗಿ ತಿರುಗಾಡಲು ಆಗುವುದಿಲ್ಲ. ನನಗೆ ಇದ್ದದ್ದು ಒಂದೇ ಪ್ರಶ್ನೆ. ರಾಬಿನ್ ಬದುಕಿದ್ದರೆ ಪ್ಯಾಲೆಸ್ಟೀನ್ ಎಂಬ ದೇಶ ಹುಟ್ಟುತ್ತಿತ್ತೇ? 1993ರಲ್ಲಿ ಓಸ್ಲೊ ಶಾಂತಿ ಒಪ್ಪಂದವಾಗಿ ವೈಟ್‌ಹೌಸ್ ಅಂಗಳದಲ್ಲಿ ರಾಬಿನ್ ಮತ್ತು ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಕೈಕುಲುಕಿದಾಗ ನಾನು ಕಾಲೇಜಿನಲ್ಲಿದ್ದೆ. ಮಧ್ಯದಲ್ಲಿ ಕ್ಲಿಂಟನ್ ಎರಡೂ ತೋಳು ಚಾಚಿ ನಿಂತಿದ್ದ ಆ ಫೋಟೊ ನೋಡಿ, ಇನ್ನೇನು ಮುಗೀತು ಅಂದುಕೊಂಡ ತಲೆಮಾರು ನಮ್ಮದು.

ಟೆಲ್ ಅವೀವ್‌ನಲ್ಲಿ ನನಗೆ ಸಿಕ್ಕ ಮನೆಯೂಟ ಕುಂದಾಪುರದ ಕಡೆಯ ಒಬ್ಬ ಹೆಂಗಸಿನ ಕೈಯದು. ಕರಾವಳಿಯಿಂದ ಬಹಳ ಜನ ಅಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಇವರು ನೋಡಿಕೊಳ್ಳುವ ಹಿರಿಯರು ನಿವೃತ್ತ ಮೇಷ್ಟ್ರು. ರಾಬಿನ್ ಕೊಲೆಯಾದ ರಾತ್ರಿ ಆ ಸಮಾವೇಶದ ಚೌಕದಲ್ಲಿ ಇದ್ದವರು. ಬಾಗಿಲು ತೆಗೆಯುತ್ತಲೇ ಆಕೆ ಮೆಲ್ಲಗೆ ಹೇಳಿದರು, "ಅಜ್ಜನ್ ಹತ್ರ ಆ ವಿಷ್ಯ ತೆಗ್ದ್ರೆ ಊಟ ತಣ್ದ್ ಹೋತ್ತ್ ಕಾಣಿ." ನಾನು ಹೋಗಿದ್ದೇ ಆ ವಿಷಯಕ್ಕೆ. ಅವತ್ತು ಹಿರಿಯರ ಮೊಮ್ಮಗಳೂ ಬಂದಿದ್ದಳು. ವಾದ ಶುರುವಾಗಲು ನಾನೇನೂ ಕಷ್ಟಪಡಬೇಕಾಗಲಿಲ್ಲ.

ಅಜ್ಜನ ಮಾತು ಸ್ಪಷ್ಟ. ರಾಬಿನ್ ದೇಶ ಕೊಡುವ ದಾರಿಯಲ್ಲೇ ಇದ್ದರು, ಆ ಮೂರು ಗುಂಡು ಅದನ್ನು ನಿಲ್ಲಿಸಿದವು. ಅರಾಫತ್ ಅವರ ಪಿಎಲ್‌ಒ (ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ) ಜೊತೆ ಮಾತಾಡುವುದೇ ಅಪರಾಧವಾಗಿದ್ದ ದೇಶದಲ್ಲಿ ಅದನ್ನು ಮಾನ್ಯ ಮಾಡಿದರು. 1994ರಲ್ಲಿ ಗಾಜಾದ ಹೆಚ್ಚಿನ ಭಾಗದಿಂದ, ಜೆರಿಕೊದಿಂದ ಸೈನ್ಯ ಹಿಂದೆ ಸರಿಯಿತು. 1995ರ ಸೆಪ್ಟೆಂಬರ್‌ನ ಎರಡನೇ ಓಸ್ಲೊ ಒಪ್ಪಂದ ಜೋರ್ಡಾನ್ ನದಿಯ ಪಶ್ಚಿಮ ದಂಡೆಯ ಊರುಗಳನ್ನು ಪ್ಯಾಲೆಸ್ಟೀನಿಯರ ಕೈಗೆ ಕೊಡಲು ಒಪ್ಪಿತು. ಇಷ್ಟು ನಡೆದವನು ಇನ್ನೂ ಮುಂದೆ ಹೋಗುತ್ತಿರಲಿಲ್ಲವೇ ಎನ್ನುವುದು ಅವರ ಪ್ರಶ್ನೆ.

ಮೊಮ್ಮಗಳು ಫೋನ್ ತೆಗೆದಳು. ರಾಬಿನ್ ಸತ್ತ ಮೇಲೆ ಹುಟ್ಟಿದವಳು. 1995ರ ಅಕ್ಟೋಬರ್ 5ರಂದು ಇಸ್ರೇಲ್ ಸಂಸತ್ತು ಕ್ನೆಸೆಟ್‌ನಲ್ಲಿ, ಅಂದರೆ ಕೊಲೆಗೆ ಒಂದು ತಿಂಗಳ ಮುಂಚೆ, ಅವರು ಮಾಡಿದ ಭಾಷಣ ಅವಳ ಬಳಿ ಇತ್ತು. ಹೀಬ್ರೂವಿನಲ್ಲಿ ಓದಿ ನನಗಾಗಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಪ್ಯಾಲೆಸ್ಟೀನಿಯರಿಗೆ ಸಿಗುವುದು ಒಂದು ದೇಶಕ್ಕಿಂತ ಕಡಿಮೆಯ ವ್ಯವಸ್ಥೆ. 1967ರ ಜೂನ್ 4ರ, ಅಂದರೆ ಯುದ್ಧಕ್ಕೆ ಮುಂಚಿನ ಗಡಿಗೆ ಇಸ್ರೇಲ್ ಮರಳುವುದಿಲ್ಲ. ಜೆರುಸಲೆಮ್ ಒಡೆಯುವುದಿಲ್ಲ, ಆ ಯುದ್ಧದಲ್ಲಿ ಹಿಡಿದ ನೆಲದಲ್ಲಿ ಇಸ್ರೇಲ್ ಕಟ್ಟಿದ ಮಾಲೆ ಅದುಮಿಮ್ ಮತ್ತು ಗಿವಾತ್ ಜೇವ್ ವಸಾಹತುಗಳು ಅದರೊಳಗೇ ಇರುತ್ತವೆ. ಭದ್ರತೆಯ ಗಡಿ ಜೋರ್ಡಾನ್ ಕಣಿವೆಯಲ್ಲಿ. "ಇದರಲ್ಲಿ ದೇಶ ಎಲ್ಲಿದೆ ಸಬ್ಬಾ?" ಎಂದು ಕೇಳಿದಳು. ಸಬ್ಬಾ ಅಂದರೆ ತಾತ.

ಅಜ್ಜ ಬಿಡಲಿಲ್ಲ. ಆ ದಿನ ಒಪ್ಪಂದ ಪಾಸಾದದ್ದು 61–59ರಲ್ಲಿ, ಎರಡೇ ಮತದಲ್ಲಿ ನಿಂತ ಸರ್ಕಾರದ ಪ್ರಧಾನಿ ಬೇರೆ ಏನು ಹೇಳಲು ಸಾಧ್ಯವಿತ್ತು ಎಂದರು. ಅದೇ ರಾತ್ರಿ ಜೆರುಸಲೆಮ್‌ನ ಜಿಯೋನ್ ಚೌಕದಲ್ಲಿ ಸಾವಿರಾರು ಜನ ಸೇರಿ ರಾಬಿನ್ ದ್ರೋಹಿ ಎಂದು ಕೂಗಿದ್ದರು. ನಾಜಿ ಸಮವಸ್ತ್ರ ತೊಡಿಸಿದ ಅವರ ಚಿತ್ರ ಅಲ್ಲಿ ಕಂಡಿತ್ತು. ಬಾಲ್ಕನಿಯಲ್ಲಿ ನಿಂತು ಭಾಷಣ ಮಾಡಿದವರಲ್ಲಿ ಆಗ ವಿರೋಧ ಪಕ್ಷದ ನಾಯಕರಾಗಿದ್ದ ನೆತನ್ಯಾಹು ಕೂಡ ಇದ್ದರು. ಜನರ ಸಿಟ್ಟಿಗೆ ಕಾರಣವೂ ಇಲ್ಲದಿರಲಿಲ್ಲ. ಆ ಮನೆಯಿಂದ ನಡೆದು ಹೋಗುವಷ್ಟು ದೂರದ ಡಿಜೆನ್‌ಗಾಫ್ ರಸ್ತೆಯಲ್ಲಿ 1994ರ ಅಕ್ಟೋಬರ್‌ನಲ್ಲಿ ಹಮಾಸ್‌ನ ಆತ್ಮಾಹುತಿ ಬಾಂಬ್ ಒಂದು ಸಿಟಿ ಬಸ್ಸನ್ನು ಸೀಳಿ 22 ಜನರನ್ನು ಕೊಂದಿತ್ತು. ಆ ಮಾತು ಬಂದಾಗ ತಾತ ಮೊಮ್ಮಗಳು ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು.

ಮಾರನೇ ದಿನ ಸಂಜೆ ಕಪ್ಲಾನ್ ರಸ್ತೆಯಲ್ಲಿ ನೆತನ್ಯಾಹು ಸರ್ಕಾರ ತರಲು ಹೊರಟ ನ್ಯಾಯಾಂಗ ಬದಲಾವಣೆಯ ವಿರುದ್ಧ ದೊಡ್ಡ ಪ್ರತಿಭಟನೆ ಇತ್ತು. ಎಲ್ಲಿ ನೋಡಿದರೂ ನೀಲಿ ಬಿಳಿ ಬಾವುಟ. ನಡುವೆ ಒಂದು ಸಣ್ಣ ಗುಂಪು ಪ್ಯಾಲೆಸ್ಟೀನ್ ಬಾವುಟ ಹಿಡಿದು, ಪ್ಯಾಲೆಸ್ಟೀನ್ ನೆಲದ ಅತಿಕ್ರಮಣ ಇರುವವರೆಗೆ ಪ್ರಜಾಪ್ರಭುತ್ವ ಇಲ್ಲ ಎಂದು ಕೂಗುತ್ತಿತ್ತು. ಪಕ್ಕದವರು ಬಂದು ಆ ಬಾವುಟ ಇಳಿಸಿ ಎಂದು ಜಗಳಕ್ಕೆ ನಿಂತರು. ರಾಬಿನ್ ಹೆಸರು ಹೇಳಿ ಬೀದಿಗಿಳಿಯುವವರಿಗೂ ಪ್ಯಾಲೆಸ್ಟೀನ್ ವಿಷಯ ಬೇಡವಾಗಿದೆ ಅಂತ ನನಗೆ ಅಲ್ಲಿ ಅನಿಸಿತು. ರಾಬಿನ್ ಅವರ ಲೇಬರ್ ಪಕ್ಷ 1992ರಲ್ಲಿ 44 ಸೀಟು ಗೆದ್ದಿತ್ತು. 2022ರ ಚುನಾವಣೆಯಲ್ಲಿ ಅದಕ್ಕೆ ಸಿಕ್ಕಿದ್ದು 4.

ಜೆರುಸಲೆಮ್‌ನ ಮೌಂಟ್ ಹೆರ್ಜಲ್‌ನಲ್ಲಿ ಸಮಾಧಿಯನ್ನೂ ನೋಡಿದೆ. ರಾಬಿನ್‌ಗೆ ಕಪ್ಪು ಕಲ್ಲು, ಹೆಂಡತಿ ಲೇಯಾಗೆ ಬಿಳಿ ಕಲ್ಲು. ಮೊಶೆ ಸಫ್ದಿಯ ವಿನ್ಯಾಸ. ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗುವ ಜಾಗ ಅದಲ್ಲ.

ಅದಕ್ಕೆ ಡಮಾಸ್ಕಸ್ ಗೇಟ್ ಹತ್ತಿರದ ಬಸ್‌ಸ್ಟ್ಯಾಂಡಿನಿಂದ ಪಶ್ಚಿಮ ದಂಡೆಯ ರಮಲ್ಲಾಗೆ ಹೋಗುವ ಬಸ್ ಹತ್ತಬೇಕು. ದೂರ ಜಾಸ್ತಿ ಏನಿಲ್ಲ. ಖಲಂದಿಯಾ ತಪಾಸಣಾ ಠಾಣೆ ಹತ್ತಿರ ಬರುತ್ತಿದ್ದಂತೆ ಕಾಂಕ್ರೀಟ್ ಗೋಡೆ ಎದುರಾಗುತ್ತದೆ. ಹೋಗುವಾಗ ಯಾರೂ ಕೇಳುವುದಿಲ್ಲ, ತಪಾಸಣೆ ಏನಿದ್ದರೂ ವಾಪಸ್ ಬರುವಾಗ. ಪ್ಯಾಲೆಸ್ಟೀನಿಯರ ಊರುಗಳಿಗೆ ಹೋಗುವ ರಸ್ತೆಗಳ ಬದಿಯಲ್ಲಿ ದೊಡ್ಡ ಕೆಂಪು ಬೋರ್ಡುಗಳಿವೆ. ಹೀಬ್ರೂ, ಅರೇಬಿಕ್, ಇಂಗ್ಲಿಷ್ ಮೂರರಲ್ಲೂ ಬರೆದಿದೆ: ಈ ರಸ್ತೆ ಏರಿಯಾ ಎಗೆ ಹೋಗುತ್ತದೆ, ಇಸ್ರೇಲಿ ನಾಗರಿಕರಿಗೆ ಪ್ರವೇಶವಿಲ್ಲ, ಜೀವಕ್ಕೆ ಅಪಾಯ, ಕಾನೂನಿಗೆ ವಿರುದ್ಧ. ಏರಿಯಾ ಎ, ಬಿ, ಸಿ ಎಂದು ಪಶ್ಚಿಮ ದಂಡೆಯನ್ನು ಹಂಚಿದ್ದು ರಾಬಿನ್ ಸಹಿ ಹಾಕಿದ ಅದೇ ಎರಡನೇ ಓಸ್ಲೊ ಒಪ್ಪಂದ. ಎ ಭಾಗ ಪ್ಯಾಲೆಸ್ಟೀನಿಯರ ಆಡಳಿತದಲ್ಲಿ, ಸಿ ಭಾಗ ಪೂರ್ತಿ ಇಸ್ರೇಲ್ ಹಿಡಿತದಲ್ಲಿ. ಇವತ್ತು ಅದು ಪಶ್ಚಿಮ ದಂಡೆಯ ಸುಮಾರು ಶೇ 60. ಇದೆಲ್ಲ ಐದು ವರ್ಷದ ತಾತ್ಕಾಲಿಕ ಏರ್ಪಾಡು, 1999ರ ಮೇ 4ಕ್ಕೆ ಮುಗಿಯಬೇಕಿತ್ತು. ಬೋರ್ಡುಗಳು ಇನ್ನೂ ಹಾಗೇ ನಿಂತಿವೆ.

ರಮಲ್ಲಾದ ಅಲ್ ಮನಾರಾ ಚೌಕದಲ್ಲಿ ಕಲ್ಲಿನ ಸಿಂಹಗಳಿವೆ, ಸುತ್ತ ಹಾರ್ನ್ ಸದ್ದು, ಏಲಕ್ಕಿ ಹಾಕಿದ ಕಾಫಿಯ ಘಮ. ಅಲ್ಲಿ ನನಗಾಗಿ ಕಾದಿದ್ದವರು ಮೈಸೂರಿನಲ್ಲಿ ಓದಿದ ಒಬ್ಬ ಔಷಧಿ ಅಂಗಡಿಯವರು. ಸ್ನೇಹಿತರ ಮೂಲಕ ಆದ ಪರಿಚಯ. "ಊಟ ಆಯ್ತಾ?" ಎಂದು ಕನ್ನಡದಲ್ಲೇ ಕೇಳಿದರು. ಮೈಸೂರಿಗೆ ಯಾಕೆ ಬಂದಿರಿ ಅಂದೆ. "ರಾಬಿನ್ ಕಳಿಸಿದ್ದು" ಅಂದರು. 1987ರ ಡಿಸೆಂಬರ್‌ನಲ್ಲಿ ಇಸ್ರೇಲ್ ಹಿಡಿತದ ವಿರುದ್ಧ ಪ್ಯಾಲೆಸ್ಟೀನಿಯರ ದಂಗೆ, ಅಂದರೆ ಮೊದಲ ಇಂತಿಫಾದಾ ಶುರುವಾಯಿತು. ಆಗ ರಕ್ಷಣಾ ಸಚಿವರು ರಾಬಿನ್. 1988ರ ಜನವರಿಯಲ್ಲಿ ಸೈನ್ಯ ಇವರ ಬಿರ್‌ಜೈಟ್ ವಿಶ್ವವಿದ್ಯಾಲಯ ಮುಚ್ಚಿಸಿತು. ಅದು ಮತ್ತೆ ತೆರೆದದ್ದು 1992ರಲ್ಲಿ. ಅಷ್ಟರಲ್ಲಿ ಇವರು ಸರಸ್ವತಿಪುರಂನಲ್ಲಿ ರೂಮು ಮಾಡಿಕೊಂಡು ಡಿಗ್ರಿ ಓದುತ್ತಿದ್ದರು.

ಅವರ ತಂದೆಯ ಊರು ಲಿದ್ದಾ, ಈಗಿನ ಲೋಡ್. ವಿಮಾನ ನಿಲ್ದಾಣದ ಪಕ್ಕದ ಊರು. 1948ರ ಜುಲೈನಲ್ಲಿ ಅಲ್ಲಿನ ಅರಬರನ್ನು ಹೊರಗಟ್ಟುವ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿ ಯಿತ್ಜಾಕ್ ರಾಬಿನ್. ಆಗ ಅವರಿಗೆ 26 ವರ್ಷ. ಹತ್ತಾರು ಸಾವಿರ ಜನ ಆ ಬಿಸಿಲಿನಲ್ಲಿ ರಮಲ್ಲಾ ಕಡೆಗೆ ನಡೆದರು, ದಾರಿಯಲ್ಲಿ ನೀರಿಲ್ಲದೆ ಸತ್ತವರಿದ್ದಾರೆ. ಆ ನಡಿಗೆಯಲ್ಲಿ ಇವರ ತಂದೆ ಇದ್ದರು, ಇನ್ನೂ ಹುಡುಗ. ಜನರನ್ನು ಹೊರಗಟ್ಟಿದ ಆ ಘಟನೆಯನ್ನು ರಾಬಿನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದರು. ಇಸ್ರೇಲಿನ ಸೆನ್ಸಾರ್ ಅದನ್ನು ತೆಗೆಸಿತು. 1979ರಲ್ಲಿ ಅಮೆರಿಕದ ಪತ್ರಿಕೆಯಲ್ಲಿ ಅದು ಹೊರಬಂತು.

"ಟೆಲ್ ಅವೀವ್‌ನವರು 1993ರಿಂದ ಲೆಕ್ಕ ಶುರು ಮಾಡ್ತಾರೆ. ನಾವು 1948ರಿಂದ" ಎಂದರು ಅವರು. ಹಾಗಂತ ಅವರು ರಾಬಿನ್ ಅವರನ್ನು ಬರೀ ಶತ್ರು ಎಂದು ತಳ್ಳಿಹಾಕಲಿಲ್ಲ. ನಮ್ಮ ಜೊತೆ ಮಾತಾಡಬೇಕು ಅಂತ ಅವರ ಜನರಿಗೆ ಹೇಳಿದ ಧೈರ್ಯ ಅವನದು, ಆ ಧೈರ್ಯಕ್ಕೇ ಸತ್ತ ಎಂದರು. ಅವರ ಕೋಪ ಇದ್ದದ್ದು ಕಾಗದದ ಮೇಲೆ. 1993ರ ಸೆಪ್ಟೆಂಬರ್ 9ರ ಪತ್ರಗಳಲ್ಲಿ ಅರಾಫತ್ ಇಸ್ರೇಲ್ ಎಂಬ ದೇಶದ ಬದುಕುವ ಹಕ್ಕನ್ನೇ ಒಪ್ಪಿಕೊಂಡರು. ಬದಲಿಗೆ ರಾಬಿನ್ ಒಪ್ಪಿಕೊಂಡದ್ದು ಪಿಎಲ್‌ಒ ಪ್ಯಾಲೆಸ್ಟೀನಿಯರ ಪ್ರತಿನಿಧಿ ಎಂಬುದನ್ನು ಮಾತ್ರ. ದೇಶದ ಮಾತೇ ಇಲ್ಲ. ಜೆರುಸಲೆಮ್, ನಿರಾಶ್ರಿತರು, ವಸಾಹತು, ಗಡಿ ಎಲ್ಲವೂ ಆಮೇಲೆ ನೋಡೋಣ ಎಂದು ಮುಂದಕ್ಕೆ ಹೋದವು. "ನಮ್ಮ ನಾಯಕರೂ ಅದಕ್ಕೆ ಸಹಿ ಹಾಕಿದರು, ಅದನ್ನೂ ಬರೀರಿ" ಎಂದರು. ಬರೆದಿದ್ದೇನೆ.

ಅರಾಫತ್ ಸಮಾಧಿಗೆ ಅವರೇ ಕರೆದುಕೊಂಡು ಹೋದರು. ಪ್ಯಾಲೆಸ್ಟೀನಿಯರ ಆಡಳಿತ ಕಚೇರಿ ಮುಖಾತಾದ ಆವರಣದಲ್ಲಿ 11 ಮೀಟರ್ ಅಗಲ ಎತ್ತರದ ಕಲ್ಲು ಗಾಜಿನ ಚೌಕ. ಸತ್ತದ್ದು 11ನೇ ತಿಂಗಳ 11ನೇ ತಾರೀಖು, ಅದಕ್ಕೆ ಆ ಅಳತೆ. ಕೆಳಗೆ ರೈಲು ಹಳಿಯ ಒಂದು ತುಂಡು ಇಟ್ಟಿದ್ದಾರೆ. ಇದು ತಾತ್ಕಾಲಿಕ, ಒಂದು ದಿನ ಜೆರುಸಲೆಮ್‌ಗೆ ಹೋಗಬೇಕು ಎಂಬ ಅರ್ಥದಲ್ಲಿ.

ಪಶ್ಚಿಮ ದಂಡೆಯ ಇನ್ನೊಂದು ಊರು ಹೆಬ್ರಾನ್‌ಗೆ ಹೋಗದಿದ್ದರೆ ನನ್ನ ಅಭಿಪ್ರಾಯ ಟೆಲ್ ಅವೀವ್‌ನ ಅಜ್ಜನ ಕಡೆಗೇ ವಾಲುತ್ತಿತ್ತು. ಹಳೇ ಪೇಟೆಯ ಓಣಿಯ ಮೇಲೆ ತಲೆಯೆತ್ತಿದರೆ ತಂತಿಬಲೆ. ಮೇಲಿನ ಮನೆಗಳಲ್ಲಿರುವ ವಸಾಹತುಗಾರರು ಎಸೆದ ಕಸ, ಬಾಟಲಿ ಅದರಲ್ಲಿ ಸಿಕ್ಕಿಕೊಂಡಿದೆ. ಕೆಳಗೆ ಒಬ್ಬರು ದಾಳಿಂಬೆ ರಸ ಹಿಂಡಿ ಕೊಟ್ಟರು. ಶುಹದಾ ಬೀದಿಯಲ್ಲಿ ಅಂಗಡಿಗಳ ಹಸಿರು ಬಾಗಿಲುಗಳು ಸಾಲಾಗಿ ಮುಚ್ಚಿವೆ, ಬೀಗಗಳು ತುಕ್ಕು ಹಿಡಿದಿವೆ. 1994ರ ಫೆಬ್ರವರಿ 25ರಂದು ಬರೂಖ್ ಗೋಲ್ಡ್‌ಸ್ಟೈನ್ ಎಂಬ ವಸಾಹತುಗಾರ ಇಬ್ರಾಹಿಮಿ ಮಸೀದಿಯಲ್ಲಿ ನಮಾಜ್ ಮಾಡುತ್ತಿದ್ದ 29 ಜನರನ್ನು ಕೊಂದ. ಕೊಂದವನು ವಸಾಹತುಗಾರ, ಆದರೆ ಕರ್ಫ್ಯೂ ಬಿದ್ದದ್ದು ಪ್ಯಾಲೆಸ್ಟೀನಿಯರ ಮೇಲೆ. ಈ ಬೀದಿ ಅವರಿಗೆ ಮುಚ್ಚುತ್ತಾ ಬಂದದ್ದೂ ಅಲ್ಲಿಂದಲೇ. ಊರಿನ ನಡುವೆ ಕೂತ ಕೆಲವೇ ನೂರು ವಸಾಹತುಗಾರರನ್ನು ಆಗಲೇ ಎಬ್ಬಿಸಬೇಕು ಎಂದು ರಾಬಿನ್ ಸರ್ಕಾರದೊಳಗೇ ಮಾತು ಬಂದಿತ್ತು. ಇಡೀ ದೇಶ ನಾಚಿಕೆಯಿಂದ ತಲೆ ತಗ್ಗಿಸಿದ್ದ ಆ ವಾರಗಳಲ್ಲಿ ಅದು ಸಾಧ್ಯವೂ ಇತ್ತು. ಅವರು ಮಾಡಲಿಲ್ಲ.

ಬದುಕಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಲಾರರು. ಆದರೆ ಬದುಕಿದ್ದಾಗ, ಅಧಿಕಾರ ಕೈಯಲ್ಲಿದ್ದಾಗ ಮಾಡದೇ ಬಿಟ್ಟದ್ದನ್ನು ಗುಂಡು ಹೊಡೆದವನ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ. 1948ರಲ್ಲಿ ಜನರನ್ನು ಓಡಿಸಿದವರು, 1988ರಲ್ಲಿ ಇಂತಿಫಾದಾ ಅಡಗಿಸಲು ಲಾಠಿಯಿಂದ ಹೊಡೆಸಿದವರು, 1993ರಲ್ಲಿ ಕೈ ಚಾಚಿದರು. 70 ದಾಟಿದ ಸೈನಿಕ ಅಷ್ಟು ಬದಲಾಗುವುದು ಸಣ್ಣ ಮಾತಲ್ಲ. ಅದಕ್ಕೆ ನನಗೆ ಅವರ ಮೇಲೆ ಗೌರವವಿದೆ, ಆ ಕಪ್ಪು ಕಲ್ಲುಗಳ ಹತ್ತಿರ ಕಣ್ಣು ತುಂಬಿದ್ದೂ ನಿಜ. ಆದರೆ ಅವರು ಎಲ್ಲಿಗೆ ಹೋಗುತ್ತಿದ್ದೇವೆ ಎಂದು ತಮ್ಮ ಜನರಿಗೂ ಹೇಳಲಿಲ್ಲ, ಎದುರಿನವರಿಗೂ ಹೇಳಲಿಲ್ಲ. ಆ ಖಾಲಿ ಜಾಗದಲ್ಲಿ ಆಮೇಲೆ ಬಂದವರು ಮನೆ ಕಟ್ಟಿದರು. ಓಸ್ಲೊ ಸಹಿಯಾದಾಗ ಪೂರ್ವ ಜೆರುಸಲೆಮ್ ಬಿಟ್ಟು ಪಶ್ಚಿಮ ದಂಡೆಯಲ್ಲಿದ್ದ ವಸಾಹತುಗಾರರು ಸುಮಾರು 1.1 ಲಕ್ಷ. ನಾನು ಹೋದಾಗ ಸುಮಾರು 5 ಲಕ್ಷ.

2024ರ ಜುಲೈನಲ್ಲಿ ಕ್ನೆಸೆಟ್ ಪ್ಯಾಲೆಸ್ಟೀನ್ ದೇಶವೇ ಬೇಡ ಎಂದು ನಿರ್ಣಯ ಮಾಡಿತು, 68–9. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಅದೇ ದೇಶಕ್ಕೆ ಮಾನ್ಯತೆ ಕೊಟ್ಟವು. ಭಾರತ ಅದನ್ನು 1988ರಲ್ಲೇ ಮಾಡಿದೆ. ಆ ವಾರ ರಮಲ್ಲಾದವರಿಗೆ ಮೆಸೇಜ್ ಮಾಡಿದೆ. ಖುಷಿ ಇದೆ ಎಂದು ಬರೆದರು. ಅದರ ಕೆಳಗೇ ಇನ್ನೊಂದು ಸಾಲು: ನಾಬ್ಲಸ್ ದಾರಿಯ ಗೇಟು ಹಾಕಿದ್ದಾರೆ, ಔಷಧಿ ಗಾಡಿ ಎರಡು ದಿನದಿಂದ ಬಂದಿಲ್ಲ.