ತೂಕ ಏರಿದ ಮೂರನೆಯ ದಿನ

ನಮ್ಮ ಆಸ್ಪತ್ರೆಯ ಕಂಪ್ಯೂಟರಿನ ಡಯಟ್ ಆರ್ಡರಿನಲ್ಲಿ ನಾಲ್ಕೇ ಖಾನೆ: ನಾರ್ಮಲ್, ಡಯಾಬಿಟಿಕ್, ರೀನಲ್ (ಕಿಡ್ನಿ ರೋಗಿಗೆ), ಹೈ ಕ್ಯಾಲರಿ ಹೈ ಪ್ರೋಟೀನ್. ಸಣಕಲು ರೋಗಿ ಬಂದರೆ ಕೈ ತಾನಾಗಿ ನಾಲ್ಕನೆಯದಕ್ಕೆ ಹೋಗುತ್ತದೆ. ನನ್ನದೂ ಹೋಯಿತು.

'ಗ್ಯಾಸ್ಟ್ರಿಕ್, ಊಟ ಸೇರಲ್ಲ' ಎಂದು ಅಡ್ಮಿಟ್ ಆಗಿದ್ದ ಹುಡುಗಿ. ಎತ್ತರ 158 ಸೆಂ.ಮೀ., ತೂಕ 33 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 13.2. ನಾಡಿ 46, ಮುಟ್ಟು ನಿಂತು ತಿಂಗಳುಗಳಾಗಿವೆ, ಬೆನ್ನ ಮೇಲೆ ನವಿರು ಕೂದಲು. ಸೈಕಿಯಾಟ್ರಿಯವರು ಬಂದು ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಭಯಕ್ಕೆ ಊಟ ಬಿಡುವ ಮಾನಸಿಕ ಕಾಯಿಲೆ, ಎಂದು ಬರೆದರು. ರಕ್ತದ ಫಾಸ್ಫೇಟ್ 3.1, ನಾರ್ಮಲ್. ಧೈರ್ಯವಾಗಿ ದಿನಕ್ಕೆ 1,600 ಕ್ಯಾಲರಿ ಬರೆದೆ.

ಮೂರನೆಯ ಬೆಳಿಗ್ಗೆ ತೂಕ 34.8, ನಾಡಿ 92. 'ಚೇತರಿಕೆ ಚೆನ್ನಾಗಿದೆ' ಎಂದು ಫೈಲಿನಲ್ಲಿ ನನ್ನದೇ ಅಕ್ಷರ ಇದೆ. ಒಂದು ಕಿಲೋ ಮೈಗೂಡಲು ಸುಮಾರು 7,000 ಕ್ಯಾಲರಿ ಮಿಗಬೇಕು. ಎರಡು ದಿನಕ್ಕೆ ಹೊಟ್ಟೆಗೆ ಹೋದದ್ದೇ 3,200. ಈ ಲೆಕ್ಕ ಆಗ ಹಾಕಲಿಲ್ಲ. 'ಮೇಡಂ, ಇಲ್ನೋಡಿ' ಎಂದು ಸಿಸ್ಟರ್ ಅವಳ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿತ್ತು, ತುಂಬಲೇ ಇಲ್ಲ. ಏರಿದ್ದು ನೀರು. ನಾಡಿಯ ಓಟವೂ ಚೇತರಿಕೆಯಲ್ಲ. 46 ಇದ್ದವಳಿಗೆ 92 ಎಂದರೆ ಅಪಾಯದ ಗಂಟೆ.

ಎಲೆಕ್ಟ್ರೋಲೈಟ್ಸ್ ಕಳಿಸಿದರೆ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಬರುತ್ತವೆ, ಫಾಸ್ಫೇಟ್ ಬರುವುದಿಲ್ಲ. ಬೇರೆ ರಿಕ್ವೆಸ್ಟ್, ಬೇರೆ ಟ್ಯೂಬ್. ಮಾನಿಟರಿನ ಮುಂದೆ ನಿಂತು ನಲವತ್ತು ನಿಮಿಷ ಕಾದ ಮೇಲೆ ಬಂತು: 1.2. ಇರಬೇಕಾದದ್ದು 2.5ರಿಂದ 4.5.

ಉಪವಾಸದ ದೇಹದಲ್ಲಿ ಜೀವಕೋಶಗಳ ಫಾಸ್ಫೇಟ್ ದಾಸ್ತಾನು ಬರಿದಾಗಿದ್ದರೂ ರಕ್ತದ ರಿಪೋರ್ಟ್ ಸರಿಯಾಗಿಯೇ ಕಾಣಬಹುದು. ಪಿಷ್ಟ ಒಳಗೆ ಹೋದೊಡನೆ ಇನ್ಸುಲಿನ್ ಏರಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರನ್ನೂ ಕೋಶದೊಳಕ್ಕೆ ಎಳೆದುಕೊಳ್ಳುತ್ತದೆ, ಮೂತ್ರಪಿಂಡ ಸೋಡಿಯಂ ಹಿಡಿದಿಡುತ್ತದೆ. ಹೃದಯ, ಉಸಿರಿನ ಸ್ನಾಯು ಎರಡೂ ಸೋಲಬಹುದು. ಇದೇ ರೀಫೀಡಿಂಗ್ ಸಿಂಡ್ರೋಮ್. ಅಡ್ಮಿಷನ್ ದಿನದ 3.1ಕ್ಕೆ ಅರ್ಥವಿಲ್ಲ; ಮೊದಲ ವಾರ ದಿನವೂ ನೋಡಬೇಕು.

ಬ್ರಿಟನ್ನಿನ ಆರೋಗ್ಯ ಸಂಸ್ಥೆ ನೈಸ್‌ನ 2006ರ ಮಾರ್ಗಸೂಚಿ ಬಿಎಂಐ 14ಕ್ಕಿಂತ ಕೆಳಗಿದ್ದರೆ ದಿನಕ್ಕೆ ಕಿಲೋಗೆ 5 ಕ್ಯಾಲರಿಯಿಂದ ಶುರುಮಾಡಿ ಎನ್ನುತ್ತದೆ. ಅವಳಿಗೆ 165. ಕ್ಯಾಶುಯಲ್ಟಿಯಲ್ಲಿ ಹಾಕಿದ್ದ ಎರಡು ಬಾಟಲಿ ಡಿಎನ್‌ಎಸ್ (ಗ್ಲೂಕೋಸ್ ಬೆರೆತ ಉಪ್ಪುನೀರು) ಡ್ರಿಪ್ಪಿನಲ್ಲೇ 50 ಗ್ರಾಂ ಗ್ಲೂಕೋಸ್, ಅಂದರೆ 170 ಕ್ಯಾಲರಿ! ಡ್ರಿಪ್ಪನ್ನು ನಾವ್ಯಾರೂ ಊಟವೆಂದು ಎಣಿಸಿರಲಿಲ್ಲ. ಊಟ, ಡ್ರಿಪ್ ಎರಡಕ್ಕೂ ಮುಂಚೆ ಹೋಗಬೇಕಾದದ್ದು ಥಯಾಮಿನ್ (ವಿಟಮಿನ್ ಬಿ1), ದಿನಕ್ಕೆ 200ರಿಂದ 300 ಮಿ.ಗ್ರಾಂ, ಹತ್ತು ದಿನ. ಹಾಗೆಂದು 165ರಲ್ಲೇ ಕೂರಿಸಿದರೆ ಅದೂ ಕೊಲ್ಲುತ್ತದೆ. ದಿನವೂ ರಕ್ತ ನೋಡಬಲ್ಲ ಯೂನಿಟ್‌ಗಳು ಈಗ ಇನ್ನೂ ಮೇಲಿನಿಂದಲೇ ಶುರುಮಾಡುತ್ತವೆ. ಫಾಸ್ಫೇಟ್ ಡ್ರಿಪ್ ಹಾಕಿ, ಊಟ ಇಳಿಸಿ, ಮೆಲ್ಲಗೆ ಏರಿಸಿದೆವು. ಉಳಿದಳು.

ಸಣಕಲರನ್ನಷ್ಟೇ ಹುಡುಕುವುದೂ ತಪ್ಪು. ಬುಲೀಮಿಯಾದವರ, ಅಂದರೆ ಮಿತಿಮೀರಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವವರ, ತೂಕ ಸಾಮಾನ್ಯವಾಗಿಯೇ ಇರಬಹುದು. ಭೇದಿಯಿಲ್ಲದೆ ಪೊಟ್ಯಾಸಿಯಂ ಇಳಿದಿದ್ದರೆ ಕೆನ್ನೆಯ ಊತ, ಮುಂಭಾಗದ ಹಲ್ಲಿನ ಒಳಬದಿಯ ಸವೆತ, ಬೆರಳಗೆಣ್ಣಿನ ಗಾಯದ ಕಲೆ ನೋಡಿ.

ಡಯಟ್ ಆರ್ಡರಿನಲ್ಲಿ ಇಂಥವರಿಗಾಗಿ ಐದನೆಯ ಖಾನೆ ಕೇಳಿದ್ದಕ್ಕೆ 'ಮುಂದಿನ ಅಪ್‌ಡೇಟ್‌ನಲ್ಲಿ' ಎಂದಿದ್ದಾರೆ. ಅಲ್ಲಿಯವರೆಗೆ ರಿಮಾರ್ಕ್ಸ್‌ನಲ್ಲಿ ಟೈಪ್ ಮಾಡುತ್ತಿದ್ದೇವೆ. ಅಡುಗೆಮನೆಯ ಪ್ರಿಂಟಿನಲ್ಲಿ ರಿಮಾರ್ಕ್ಸ್ ಬರುವುದೇ ಇಲ್ಲ.